ಮೂವತ್ತೊಂದು ಗಂಟೆಯ ಭಾನುವಾರ

ಚಿಕ್ಕರಸಿನಕೆರೆಯ ರವಿಚಂದ್ರನ ಬಗ್ಗೆ ಅವನನ್ನು ಹೆತ್ತ ಚಿಕ್ಕಮಾದಮ್ಮನಿಗೆ ಇದ್ದ ಅಭಿಪ್ರಾಯ ಒಂದೇ: ಊರಿಗೆ ಉಪಕಾರಿ, ಮನೆಗೆ ಮಾರಿ. ಇದನ್ನು ಆಕೆ ಮಗನ ಬೆನ್ನ ಹಿಂದೆ ಹೇಳುವ ಪೈಕಿಯಲ್ಲ. ಅವನು ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೆ ಸರಿಯಾಗಿ ಎದುರಿಗೆ ಕೂತು ಶುರು ಮಾಡುತ್ತಿದ್ದಳು. ಅವನು "ಊಂ ಕಣವ್ವ" ಅಂದು ಇನ್ನೊಂದು ತುತ್ತು ನುಂಗುತ್ತಿದ್ದ. ಮುದ್ದೆಯ ಜೊತೆಗೆ ಬೈಗುಳವೂ ಅಗಿಯದೆ ಒಳಗಿಳಿಯುತ್ತಿತ್ತು.

ಆಕೆಯ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಬೀದಿಯಲ್ಲಿ ಯಾರ ಪಂಪ್‌ಸೆಟ್ಟು ಕೆಟ್ಟರೂ ರವಿಚಂದ್ರ ಅಲ್ಲಿರುತ್ತಿದ್ದ. ಯಾರ ಒಟ್ಲಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ಕೀಳುವುದಿದ್ದರೂ ಪ್ಯಾಂಟು ಮಡಚಿ ಅಲ್ಲಿರುತ್ತಿದ್ದ. ತಮ್ಮದೇ ಅರ್ಧ ಎಕರೆ ಗದ್ದೆ ಮಾತ್ರ, ನಾಲೆಗೆ ನೀರು ಬಿಟ್ಟು ಎಲ್ಲರ ನಾಟಿ ಮುಗಿಯುತ್ತ ಬಂದರೂ, ಕೊಕ್ಕರೆಗಳ ಪಾಲಿಗೆ ಬಿದ್ದಿತ್ತು. "ಮುಯ್ಯಾಳು ಓಗೋದು ಗೊತ್ತು ನಿಂಗೆ, ಕರ್ಯೋದು ಗೊತ್ತಿಲ್ಲ. ಈಸ್ಕೊಳ್ದೇ ಇರೋನ್ಗೆ ಯಾವೋನ್ಲಾ ಕೊಡ್ತಾನೆ?" ಅನ್ನುತ್ತಿದ್ದಳು ಚಿಕ್ಕಮಾದಮ್ಮ.

ಮುಯ್ಯಾಳು ಅಂದರೆ ಕೂಲಿಯಲ್ಲ. ಇವತ್ತು ನಾನು ನಿನ್ನ ಗದ್ದೆಯಲ್ಲಿ ಬಗ್ಗಿದರೆ ನಾಳೆ ನೀನು ನನ್ನ ಗದ್ದೆಯಲ್ಲಿ ಬಗ್ಗಬೇಕು. ಇದನ್ನು ಬರೆದಿಡುವವರಿಲ್ಲ, ಮರೆಯುವವರೂ ಇಲ್ಲ. ಆದರೆ ಈ ಲೆಕ್ಕ ಎಂದಿಗೂ ಪೂರ್ತಿ ಚುಕ್ತಾ ಆಗಬಾರದು. ಅತ್ತ ಒಂದಾಳು, ಇತ್ತ ಅರ್ಧಾಳು ಬಾಕಿ ಇದ್ದರೇನೇ ಎರಡು ಮನೆಯವರು ಒಬ್ಬರ ಬಾಗಿಲಿಗೆ ಒಬ್ಬರು ಹೋಗಿ ಬರುವುದು. ಹಿಂದೊಮ್ಮೆ ಪಕ್ಕದ ಮನೆಯ ಅಂಕಯ್ಯ ಒಂದು ಕೋಳಿಯ ವಿಷಯಕ್ಕೆ ಜಗಳ ತೆಗೆದು, ಮಾರನೆಯ ದಿನವೇ ತಾನು ಕೊಡಬೇಕಿದ್ದ ಆಳನ್ನೆಲ್ಲ ಒಟ್ಟಿಗೆ ಕಳಿಸಿ ಚಿಕ್ಕಮಾದಮ್ಮನ ಗದ್ದೆಯ ಕಳೆ ತೆಗೆಸಿಬಿಟ್ಟ. ಗದ್ದೆಯಲ್ಲಿ ಒಂದು ಕಡ್ಡಿ ಕಳೆ ಉಳಿಯಲಿಲ್ಲ. ಆಕೆ ಮಾತ್ರ ಬದುವಿನ ಮೇಲೆ ಕೂತು ಗೊಳೋ ಎಂದು ಅತ್ತಳು. ಮುಯ್ಯಿಯನ್ನು ಒಂದೇ ಏಟಿಗೆ ತೀರಿಸಿದರು ಅಂದರೆ ಇನ್ನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಅಂತ. ಅಂಕಯ್ಯ ಆಮೇಲೆ ತುಳಿಯಲೂ ಇಲ್ಲ.

ಇಂಥ ರವಿಚಂದ್ರ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಪ್ರೋಗ್ರಾಮಿಂಗ್. ಮಂಡ್ಯದ ಗುತ್ತಲಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಮಳವಳ್ಳಿಯ ಜಯಪ್ರಕಾಶ್ ನಡೆಸುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಪಿವಿಸಿ ಪೈಪು ಕೇಳಿಕೊಂಡು ದಿನಕ್ಕೊಬ್ಬರಾದರೂ ಮೆಟ್ಟಿಲು ಹತ್ತಿ ಬಂದು, ನಾಲ್ಕು ಜನ ಕಂಪ್ಯೂಟರಿನ ಮುಂದೆ ಕೂತಿರುವುದನ್ನು ನೋಡಿ, ಕೆಮ್ಮಿ ಇಳಿದು ಹೋಗುತ್ತಿದ್ದರು. ಆ ನಾಲ್ವರಲ್ಲಿ ಮೊದಲನೆಯವನೇ ರವಿಚಂದ್ರ. ಎರಡನೆಯವನು ಮದ್ದೂರಿನಿಂದ ರೈಲಿನಲ್ಲಿ ಬರುವ ಯತೀಶ್. ಮೂರನೆಯವಳು ಎರಡು ಮಕ್ಕಳ ತಾಯಿ, ಗುತ್ತಲಿನವಳೇ ಆದ ವೀಣ. ನಾಲ್ಕನೆಯವಳು ಕಾಲೇಜು ಮುಗಿಸಿ ಆಗಷ್ಟೇ ಸೇರಿದ್ದ ರಂಜಿತ. ಕಂಪನಿ ಶುರುವಾದಾಗ ಅಕ್ಕಿ ಗಿರಣಿಗಳಿಗೆ ಪ್ರೋಗ್ರಾಮು ಮಾಡುತ್ತಿದ್ದರು. ಆಗ ಇದ್ದವರು ಇಬ್ಬರೇ. ಜಯಪ್ರಕಾಶ್ ಕೋಡು ಬರೆಯುತ್ತಿದ್ದರು, ರವಿಚಂದ್ರ ಪಕ್ಕದಲ್ಲಿ ಕೂತು ಅಳಿಸುತ್ತಿದ್ದ. ಈಗ ಜಯಪ್ರಕಾಶ್ ಕೋಡು ಬಿಟ್ಟು ಗಿರಾಕಿಗಳ ಜೊತೆ ಮಾತಾಡುವುದನ್ನಷ್ಟೇ ಇಟ್ಟುಕೊಂಡಿದ್ದಾರೆ. ಎಲ್ಲರಿಗೂ ಅದು ಕ್ಷೇಮವಾಗಿದೆ.

ಊರಿನ ಚಾಳಿಯನ್ನು ರವಿಚಂದ್ರ ಆಫೀಸಿಗೂ ತಂದಿದ್ದ. ತನ್ನ ಕೆಲಸ ಬಿಟ್ಟು ಇನ್ನೊಬ್ಬರ ಕುರ್ಚಿಯ ಪಕ್ಕ ಹೋಗಿ ಕೂರುವುದೇ ಅವನ ಕಸುಬು. ಯತೀಶನ ಪುಟ ತೆರೆಯದಿದ್ದರೆ ಅಲ್ಲಿ, ರಂಜಿತ ಉಗುರು ಕಚ್ಚಲು ಶುರು ಮಾಡಿದರೆ ಅಲ್ಲಿ, ವೀಣಳ ಮಗಳಿಗೆ ಜ್ವರ ಬಂದು ಆಕೆ ಮನೆಗೆ ಓಡಿದರೆ ಆಕೆಯ ಕಂಪ್ಯೂಟರಿನಲ್ಲಿ. ಇದು ತ್ಯಾಗ, ದೊಡ್ಡ ಮನಸ್ಸು ಅಂತೆಲ್ಲ ನೀವು ಕಣ್ಣೊರೆಸಿಕೊಳ್ಳಬೇಕಾಗಿಲ್ಲ. ತನ್ನ ಕೆಲಸ ಅವನಿಗೆ ಬೇಜಾರು. ಇನ್ನೊಬ್ಬರ ತಪ್ಪು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದ ಚೂರಿನ ಹಾಗೆ, ತೆಗೆಯುವವರೆಗೂ ನಾಲಗೆ ಅಲ್ಲೇ. ಅದೂ ಅಲ್ಲದೆ, ತೆಗೆದ ಮೇಲೆ "ಅಬ್ಬಾ ರವಿಯಣ್ಣ!" ಎಂಬ ಹೊಗಳಿಕೆ ಸಿಗುತ್ತಿತ್ತು. ಹೊಗಳಿಕೆ ಎಂದರೆ ಅವನಿಗೆ ಮೂಳೆಸಾರಿಗಿಂತ ರುಚಿ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಮೈಸೂರಿನ ಲಾರಿ ಕಂಪನಿಯವರು ಬರುವ ತನಕ. ಲಾರಿ, ಡ್ರೈವರು, ಡೀಸೆಲ್, ಟೈರು ಎಲ್ಲದರ ವಿವರ ಇಡುವ ದೊಡ್ಡ ಪ್ರೋಗ್ರಾಮು ಅವರದು. ಗುತ್ತಲಿನ ಆಫೀಸು ನಡೆಯುತ್ತಿದ್ದುದೇ ಆ ಕೆಲಸದ ಮೇಲೆ. ಜುಲೈ ತಿಂಗಳ ಮೊದಲಿಗೆ ಅವರ ಮ್ಯಾನೇಜರು ಫೋನು ಮಾಡಿ, "ಇದಕ್ಕೆ ನಾಲ್ಕು ಜನ ಯಾಕ್ರೀ? ಮೂರು ಸಾಕು. ಯಾರು ಎಷ್ಟು ಹೊತ್ತು ಕೆಲಸ ಮಾಡ್ತಾರೆ ಅಂತ ಹೆಸರು ಹಾಕಿ ತಿಂಗಳ ಕೊನೆಗೆ ಕಳಿಸಿ. ಯಾರನ್ನ ತೆಗೀಬೇಕು ಅಂತ ಆಮೇಲೆ ನೋಡೋಣ" ಅಂದರು.

ಹೊತ್ತು ಲೆಕ್ಕ ಹಾಕುವುದಕ್ಕೆ ಜಯಪ್ರಕಾಶರಿಗೆ ಹೊಳೆದದ್ದು ಗಿಟ್. ಬರೆದ ಕೋಡನ್ನೆಲ್ಲ ಒಂದೇ ಕಡೆ ಸೇರಿಸಿ ಇಡುವ ವ್ಯವಸ್ಥೆಗೆ ಅವರು ಗಿಟ್ ಅನ್ನುತ್ತಾರೆ. ಅದು ಹಳೇ ಕಾಲದ ಅತ್ತೆಯ ಥರ. ಯಾರು, ಯಾವತ್ತು, ಏನು ಮುಟ್ಟಿದರು, ಏನು ಮುರಿದರು ಎಂಬುದನ್ನು ಸಾಯುವ ತನಕ ಮರೆಯುವುದಿಲ್ಲ. ಮಾಡಿದ ಕೆಲಸವನ್ನು ಅದರೊಳಗೆ ಸೇರಿಸುವುದಕ್ಕೆ ಕಮಿಟ್ ಎಂದು ಹೆಸರು. ಪ್ರತಿ ಕಮಿಟ್ಟಿಗೂ ಒಂದು ಸಾಲಿನ ಟಿಪ್ಪಣಿ ಬರೆಯಬೇಕು. "ಇನ್ಮೇಲೆ ಆ ಟಿಪ್ಪಣೀಲಿ ಮೊದಲು ಎಷ್ಟು ಹೊತ್ತಾಯ್ತು ಅಂತ ಬರೀಬೇಕು, ಆಮೇಲೆ ಏನು ಕೆಲಸ ಅಂತ" ಎಂದು ಜಯಪ್ರಕಾಶ್ ಕಾನೂನು ಮಾಡಿದರು. ಆ ಹೊತ್ತನ್ನೆಲ್ಲ ಹೆಸರಿನ ಪ್ರಕಾರ ಕೂಡುವ ಪುಟ್ಟ ಪ್ರೋಗ್ರಾಮು ಒಂದನ್ನು ರಂಜಿತ ಬರೆದುಕೊಟ್ಟಳು.

ನಮ್ಮ ಜನಕ್ಕೆ ಗಡಿಯಾರ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಯತೀಶ್ ಬರೆದ: "ಎರಡು ಗಂಟೆ. ಲಾಗಿನ್ ಪುಟ. ರೈಲು ಲೇಟು, ಅದು ಸೇರಿಲ್ಲ." ವೀಣ ಬರೆದಳು: "ಒಂದು ಗಂಟೆ. ಡೀಸೆಲ್ ಪುಟ. ನಡುವೆ ಸ್ಕೂಲಿನ ಫೋನು." ರಂಜಿತ ನಿಮಿಷದ ಜೊತೆ ಸೆಕೆಂಡನ್ನೂ ಬರೆದಳು. ರವಿಚಂದ್ರ ಬರೆದ: "ಎಷ್ಟೊತ್ತಾಯ್ತೋ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದನ್ನ ಕೂಡೋದು ಹೆಂಗೆ ಕಣಯ್ಯ?" ಅಂದರು ಜಯಪ್ರಕಾಶ್.

"ಕೆಲ್ಸ ಮುಗಿಯೋಗಂಟ ಆಯ್ತು ಸಾ" ಅಂದ ರವಿಚಂದ್ರ. ಅವನ ಪ್ರಕಾರ ಅದು ಉತ್ತರವೇ.

ತಿಂಗಳ ನಡುವೆ ಜಯಪ್ರಕಾಶ್ ಕೂಡಿಸಿ ನೋಡಿದರೆ, ಮೂವರ ಹೆಸರಿನ ಮುಂದೆ ಗಂಟೆಗಳು ಹುರುಳಿ ಚೀಲದ ಹಾಗೆ ತುಂಬಿಕೊಂಡಿದ್ದವು. ರವಿಚಂದ್ರನ ಮುಂದೆ ಬರೀ ಎರಡು. ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ಯಾರ ಕಂಪ್ಯೂಟರಿನಿಂದ ಕಮಿಟ್ ಹೋಗುತ್ತದೋ ಅವರ ಹೆಸರೇ ಬೀಳುತ್ತದೆ. ರವಿಚಂದ್ರ ಇಡೀ ದಿನ ದುಡಿದದ್ದು ಯತೀಶನ ಹೆಸರಿಗೆ, ವೀಣಳ ಹೆಸರಿಗೆ, ರಂಜಿತಳ ಹೆಸರಿಗೆ. ತನ್ನ ಪಾಲಿಗೆ ಬಂದಿದ್ದ ಒಂದೇ ಒಂದು ದೊಡ್ಡ ಕೆಲಸ, ಲಾರಿಗೆ ಎಷ್ಟು ಟೈರು, ಯಾವುದು ಸವೆದಿದೆ ಎಂದು ತೋರಿಸುವ ಪುಟ, ಅದನ್ನು ಅವನು ಮುಟ್ಟಿಯೂ ಇರಲಿಲ್ಲ.

ಜಯಪ್ರಕಾಶ್ ಅವನನ್ನು ಪಕ್ಕದ ಕೋಣೆಗೆ ಕರೆದರು. ಆ ಮನುಷ್ಯನಿಗೆ ಬೈಯಲು ಬರುವುದಿಲ್ಲ. ಬೈಯಬೇಕಾದಾಗ ಫ್ಯಾನು ನೋಡುತ್ತಾರೆ.

"ನೀನು ಏನು ಮಾಡ್ತೀಯ ಅಂತ ನಂಗೊತ್ತು ಕಣಯ್ಯ. ಮೈಸೂರಿನೋರ್ಗೆ ಗೊತ್ತಿಲ್ವಲ್ಲ? ಅವರು ನೋಡೋದು ಹೆಸರು. ನಾಲ್ಕರಲ್ಲಿ ಒಬ್ಬರನ್ನ ತೆಗೀರಿ ಅಂತ ಕೂತವ್ರೆ. ನಿನ್ನ ಹೆಸರಲ್ಲಿ ಏನೂ ಇಲ್ದಿದ್ರೆ ನಾನು ಏನಂತ ಅಡ್ಡ ಬರ್ಲಿ? ತಿಂಗಳ ಕೊನೆ ಭಾನುವಾರ ಬತ್ತದೆ. ಸೋಮವಾರ ಬೆಳಗ್ಗೆ ನಾನು ವರದಿ ಕಳಿಸ್ಬೇಕು. ಅಷ್ಟರಲ್ಲಿ ಆ ಟೈರಿನ ಪುಟನಾದ್ರೂ ಮಾಡು. ಕಾಲಿಗೆ ಬೀಳ್ಲಾ?"

"ಅಯ್, ಬುಡಿ ಸಾ. ಎರಡು ದಿನದ ಕೆಲ್ಸ" ಅಂದ ರವಿಚಂದ್ರ. ಹೊರಗೆ ಹಾಗೆ ಅಂದನೇ ಹೊರತು ಒಳಗೆ ಹೆದರಿದ್ದ. ಅವನಿಗೆ ಬೇರೆ ಆಫೀಸಿನಲ್ಲಿ ಕೆಲಸ ಸಿಗುತ್ತಿರಲಿಲ್ಲ ಎಂದೇನಲ್ಲ. ಆದರೆ ಈ ಮೂವರ ಪಕ್ಕ ಬಿಟ್ಟು ಇನ್ನೆಲ್ಲಿ ಹೋಗಿ ಕೂರುವುದು?

ಅಂದಿನಿಂದ ಅವನು ವ್ರತ ಹಿಡಿದ. ತನ್ನ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಕಿವಿಗೆ ಹೆಡ್‌ಫೋನು ತುರುಕಿಕೊಂಡು ಕೂತ. ಮೊದಲ ದಿನ ರಂಜಿತ ನಿಟ್ಟುಸಿರು ಬಿಟ್ಟಳು, ಹಲ್ಲು ಕಚ್ಚಿ ತಡೆದುಕೊಂಡ. ಎರಡನೆಯ ದಿನ ಯತೀಶನ ಪರದೆಯ ಮೇಲೆ ಕೆಂಪು ಅಕ್ಷರ ಕಂಡಿತು, ಗೋಡೆಯ ಕಡೆ ತಿರುಗಿ ಕೂತ. ಮೂರನೆಯ ದಿನ ವೀಣ ತನ್ನಷ್ಟಕ್ಕೆ ತಾನು, "ಈ ಡೀಸೆಲ್ಲು ಯಾಕೆ ಮೈನಸ್ ತೋರಿಸ್ತದೋ ಕಾಣೆ" ಅಂದಳು. ಡೀಸೆಲ್ಲು ಮೈನಸ್! ಅಂಥ ಸಿಹಿಯಾದ ತಪ್ಪನ್ನು ಯಾರಾದರೂ ಬಿಡಲಾದೀತೆ? ಹೆಡ್‌ಫೋನು ಕಿತ್ತೆಸೆದು ಎದ್ದ. ಸಂಜೆಯ ತನಕ ಡೀಸೆಲ್ಲಿನಲ್ಲೇ ಮುಳುಗಿದ್ದ. ವ್ರತ ಅಲ್ಲಿಗೆ ಮುಗಿಯಿತು.

ಹೀಗೆ ಶನಿವಾರವೂ ಬಂತು. ಇನ್ನು ಉಳಿದದ್ದು ಭಾನುವಾರ. ಮನೆಯಲ್ಲೇ ಕೂತು ಒಂದೇ ದಿನದಲ್ಲಿ ಟೈರಿನ ಪುಟ ಮುಗಿಸುತ್ತೇನೆ ಎಂದು ಲ್ಯಾಪ್‌ಟಾಪು ಹೊತ್ತು ಊರಿಗೆ ಹೋದರೆ, ಚಿಕ್ಕಮಾದಮ್ಮ ಕುಡುಗೋಲು ಮಸೆಯುತ್ತ ಜಗಲಿಯ ಮೇಲೆ ಕೂತಿದ್ದಳು.

"ನಾಳೆ ನಾಟಿ. ಎಣ್ಣಾಳ್ಗೆ ಏಳಿವ್ನಿ. ಪೈರು ಕೀಳೋಕೆ, ಗದ್ದೆಗೆ ಒತ್ಕಂಡ್ ಬಂದು ಆಕೋಕೆ ನೀನಿರ್ಬೇಕು."

"ಅವ್ವ, ನಾಳೆ ಒಂದಿನ ಬುಡವ್ವ. ಆಫೀಸಿಂದು ಮುಗಿಸ್ದಿದ್ರೆ ಕೆಲ್ಸ ಓಯ್ತದೆ."

"ಕೆಲ್ಸ ಓದ್ರೆ ಇನ್ನೊಂದು ಸಿಕ್ತದೆ ಕಣ್ ಮಗ. ನಾಲೆ ನೀರು ಓದ್ರೆ ಮತ್ತೆ ಬತ್ತದಾ?"

ಭಾನುವಾರ ಬೆಳಕು ಹರಿಯುವ ಮುಂಚೆ ರವಿಚಂದ್ರ ಗದ್ದೆಗೆ ಇಳಿದ. ಕೆಸರು ಮೊಣಕಾಲು ಮುಟ್ಟಿದಾಗ ಒಂದು ಫೋಟೋ ತೆಗೆದು, "ನಮ್ಮ ಆಫೀಸು" ಎಂದು ಬರೆದು, ಎಲ್ಲರೂ ನೋಡಲೆಂದು ಸ್ಟೇಟಸ್ಸಿಗೆ ಹಾಕಿದ. ಆಮೇಲೆ ಫೋನನ್ನು ಅಂಗಿಯ ಜೇಬಿಗೆ ಹಾಕಿ, ಅಂಗಿಯನ್ನು ಹೊಂಗೆ ಮರಕ್ಕೆ ಸಿಕ್ಕಿಸಿದ. ನಾಟಿ ಮುಗಿಯುವ ಹೊತ್ತಿಗೆ ಫೋನೂ ಸತ್ತಿತ್ತು, ಅವನ ಸೊಂಟವೂ ಸತ್ತಿತ್ತು. ಉಂಡು ಮಲಗಿದವನು ಲ್ಯಾಪ್‌ಟಾಪಿನ ಮುಚ್ಚಳವನ್ನೂ ತೆಗೆಯಲಿಲ್ಲ.

ಸೋಮವಾರ ಬೈಕಿನಲ್ಲಿ ಮಂಡ್ಯಕ್ಕೆ ಬರುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. "ಸಾ, ನನ್ ಕೈಲಿ ಆಗ್ಲಿಲ್ಲ. ನೀವು ಬೇಜಾರ್ ಮಾಡ್ಕಬ್ಯಾಡಿ. ನಾನೇ ಬುಡ್ತೀನಿ." ಎರಡು ಸಲ ಸರಾಗವಾಗಿ ಬಂತು. ಮೂರನೆಯ ಸಲಕ್ಕೆ ಎದುರಿನ ಕಬ್ಬಿನ ಟ್ರಾಕ್ಟರು ಕಣ್ಣಿಗೆ ಮಂಜಾಗಿ ಕಂಡಿತು. ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದ.

ಮೇಲೆ ಮೂವರೂ ಆಗಲೇ ಬಂದಿದ್ದರು. ರೈಲಿನ ನೆಪ ಹೇಳದೆ ಯತೀಶ್ ಹೊತ್ತಿಗೆ ಮುಂಚೆ ಬಂದದ್ದು ಆ ಆಫೀಸಿನ ಚರಿತ್ರೆಯಲ್ಲೇ ಮೊದಲು. ಮೂರೂ ಜನ ತಮ್ಮ ಕಾಲುಬೆರಳು ನೋಡಿಕೊಂಡು ನಿಂತಿದ್ದರು. ಜಯಪ್ರಕಾಶ್ ತಮ್ಮ ಕಂಪ್ಯೂಟರಿನ ಮುಂದೆ ಕೂತು ಫ್ಯಾನು ನೋಡುತ್ತಿದ್ದರು.

"ಸಾ, ನನ್ ಕೈಲಿ…" ಎಂದು ರವಿಚಂದ್ರ ಶುರು ಮಾಡಿದ.

"ನಿಮ್ಮೂರಲ್ಲಿ ಭಾನುವಾರಕ್ಕೆ ಎಷ್ಟು ಗಂಟೆ ಕಣಯ್ಯ?" ಅಂದರು ಜಯಪ್ರಕಾಶ್.

"ಆಂ?"

ಅವರು ಪರದೆಯನ್ನು ಅವನ ಕಡೆ ತಿರುಗಿಸಿದರು. ರಂಜಿತಳ ಪ್ರೋಗ್ರಾಮು ಕೂಡಿ ತೋರಿಸಿತ್ತು: ಭಾನುವಾರ, ರವಿಚಂದ್ರ, ಟೈರಿನ ಪುಟ, ಮೂವತ್ತೊಂದು ಗಂಟೆ. ಪಕ್ಕದಲ್ಲೇ ಜಯಪ್ರಕಾಶರು ಫೋನಿನಲ್ಲಿ ಉಳಿಸಿಟ್ಟಿದ್ದ ಸ್ಟೇಟಸ್ಸಿನ ಫೋಟೋದಲ್ಲಿ, ಅದೇ ಭಾನುವಾರ, ಅದೇ ರವಿಚಂದ್ರ ಮೊಣಕಾಲುದ್ದ ಕೆಸರಿನಲ್ಲಿ ಹಲ್ಲು ಬಿಟ್ಟು ನಿಂತಿದ್ದ.

ರವಿಚಂದ್ರ ಒಂದು ಸಲ ಪರದೆ ನೋಡಿದ, ಒಂದು ಸಲ ಫೋನು ನೋಡಿದ. ತಾನು ಎರಡು ಕಡೆ ಇರುವುದನ್ನು ನೋಡಿ ಅವನಿಗೇ ತಲೆ ತಿರುಗಿತು. "ನಾನು ಮುಟ್ಟೇ ಇಲ್ಲ ಸಾ. ನಮ್ಮವ್ವನಾಣೆ" ಎಂದು ಅಲ್ಲೇ ಕೂತು ಕೋಡು ತೆರೆದ.

ನಾಲ್ಕು ಸಾಲು ಓದಿದ್ದೇ ತಡ, ಕೈ ಎತ್ತಿ ತೋರಿಸಿದ. "ಲೇ ಯತೀಸ, ಇದು ನಿಂದು ಕಣ್ಲಾ. ಎರಡು ಸಾಲಿಗೊಂದು ಸಾಲು ಖಾಲಿ ಬುಡೋನು ನೀನಲ್ದೆ ಇನ್ಯಾರ್ಲಾ?"

ಯತೀಶ್ ತಲೆ ಕೆರೆದುಕೊಂಡ.

"ಇದು ರಂಜಿತಂದು. ಸಾಲು ಸಾಲಿಗೂ ವಿವರಣೆ ಬರ್ದವ್ಳೆ, ಪರೀಕ್ಷೆಲಿ ಮಾರ್ಕ್ಸ್ ಕೊಡ್ತಾರೆ ಅನ್ನಂಗೆ. ಇದು ವೀಣಕ್ಕ. ಟೈರು ಸೊನ್ನೆ ಇದ್ರೆ ಏನ್ಮಾಡ್ಬೇಕು, ಕಳ್ತನ ಆದ್ರೆ ಏನ್ಮಾಡ್ಬೇಕು, ಎಲ್ಲಾ ಮೊದ್ಲೇ ಯೋಚ್ನೆ ಮಾಡ್ಬುಟ್ಟವ್ಳೆ. ಮಕ್ಳ ಬ್ಯಾಗಿಗೆ ಛತ್ರಿ, ಸ್ವೆಟರ್ರು ಎರಡೂ ತುಂಬ್ತಾಳಲ್ಲ, ಅಂಗೆ."

ಸಂಗತಿ ಹೊರಗೆ ಬಂತು. ಪಕ್ಕದ ಕೋಣೆಯ ಮಾತು ಮೂವರ ಕಿವಿಗೂ ಬಿದ್ದಿತ್ತು. ರವಿಚಂದ್ರನ ಕೆಸರಿನ ಫೋಟೋ ನೋಡಿದ ಕೂಡಲೇ, ಇವನು ಟೈರಿನ ಪುಟ ಮಾಡುವುದಿಲ್ಲ, ಇವನ ಕೆಲಸ ಹೋಗುತ್ತದೆ ಎಂದು ಗೊತ್ತಾಗಿತ್ತು. ಗಿಟ್‌ನಲ್ಲಿ ಹೆಸರು ಬದಲಿಸುವುದು ಮನೆ ಮುಂದಿನ ಬೋರ್ಡು ಬದಲಿಸಿದಷ್ಟೇ ಸುಲಭ. ಒಬ್ಬರಿಗೊಬ್ಬರು ಹೇಳದೆ, ಅವರವರ ಮನೆಯಲ್ಲಿ ಕೂತು, ಅವನ ಹೆಸರು ಹಾಕಿಕೊಂಡು ಅದೇ ಪುಟವನ್ನು ಬರೆದು ಸೇರಿಸಿದ್ದರು. ಎರಡನೆಯವರು ಸೇರಿಸಲು ಹೋದಾಗ ಆಗಲೇ ಅಲ್ಲೊಂದು ಟೈರಿನ ಪುಟ ಇತ್ತು, ಅದರ ಮೇಲೆ ರವಿಚಂದ್ರನ ಹೆಸರೂ ಇತ್ತು.

"ನಾನು ನೀನೇ ಬರ್ದಿದೀಯ ಅಂದ್ಕೊಂಡೆ ರವಿ. ಕೊನೆಗೂ ಬುದ್ಧಿ ಬಂತಲ್ಲ ಅಂತ ದೇವರಿಗೆ ಕೈ ಮುಗಿದೆ" ಅಂದಳು ವೀಣ. "ನೀನು ಬರೆದದ್ದನ್ನ ಅಳಿಸೋದು ಬೇಡ, ಎರಡೂ ಇರ್ಲಿ ಅಂತ ಜೊತೆಗೆ ನಂದೂ ಸೇರಿಸ್ದೆ."

ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡಿದ್ದರು. ಪ್ರತಿಯೊಬ್ಬರೂ ಎರಡೂ ಇರಲಿ ಎಂದು ಸೇರಿಸಿದ್ದರು. ರವಿಚಂದ್ರ ಪುಟ ತೆರೆದು ಒಂದು ಲಾರಿಯ ನಂಬರು ಒತ್ತಿದ. ಹತ್ತು ಚಕ್ರದ ಲಾರಿ ಅದು. ಪುಟ ತೋರಿಸಿತು: ನಲವತ್ತು ಚಕ್ರ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಲಾರಿಯಲ್ಲ ಕಣ್ರೋ, ಗೂಡ್ಸ್ ರೈಲು!" ಎಂದು ಮೇಜು ಬಡಿದ.

ನಗುತ್ತಿದ್ದವನು ಇದ್ದಕ್ಕಿದ್ದ ಹಾಗೆ ನಿಂತ. ಆ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ತಾನು ಇವರಿಗೆ ಮಾಡಿದ್ದಕ್ಕೆಲ್ಲ ಇವರು ಒಂದೇ ದಿನದಲ್ಲಿ, ಒಟ್ಟಿಗೆ, ಕೇಳದೆಯೇ ವಾಪಸು ಮಾಡಿಬಿಟ್ಟಿದ್ದಾರೆ. ಬದುವಿನ ಮೇಲೆ ಕೂತು ಅತ್ತ ಅವ್ವ ಕಣ್ಣ ಮುಂದೆ ಬಂದಳು. ಅವನ ಮುಖ ಕಪ್ಪಿಟ್ಟಿತು.

"ಅಂದ್ರೆ, ಮುಯ್ಯಿ ತೀರಿಸ್ಬುಟ್ರಿ" ಅಂದ. "ಇವ್ನು ಓಗೋನು, ಇವ್ನ ಋಣ ಯಾಕೆ ಇಟ್ಕಬೇಕು ಅಂತ ಎಲ್ಲಾ ಸೇರಿ ಕೈ ತ್ವಳ್ಕಂಡ್ರಿ. ನಾನೇನು ಕೇಳಿದ್ನಾ? ನಿಮ್ಮ ಪಕ್ಕ ಬಂದು ಕೂತ್ಕಂಡಿದ್ದು ಲೆಕ್ಕಕ್ಕಾ?" ಅಷ್ಟು ದೊಡ್ಡ ಗಂಡಸು ಟೈರಿನ ಪುಟದ ಮುಂದೆ ಕೂತು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಅಯ್ಯೋ, ಅಂಗಲ್ಲ ಕಣ್ಲಾ" ಎಂದು ಯತೀಶ್ ಗಾಬರಿಯಾದ.

ಅಷ್ಟು ಹೊತ್ತೂ ಮನಸ್ಸಿನಲ್ಲೇ ಕೂಡುತ್ತಿದ್ದ ರಂಜಿತ, "ಒಂದ್ನಿಮಿಷ ರವಿಯಣ್ಣ" ಅಂದಳು. "ಯತೀಶ್ ಒಂಬತ್ತು, ನಾನು ಎಂಟು, ವೀಣಕ್ಕ ಎಂಟು. ಇಪ್ಪತ್ತೈದೇ ಆಯ್ತು. ಮೂವತ್ತೊಂದು ಹೆಂಗೆ ಬಂತು? ಮೂರು ಸಲ ಹತ್ತು ಚಕ್ರ ಸೇರಿದ್ರೆ ಮೂವತ್ತು ಬರ್ಬೇಕು, ನಲವತ್ತು ಹೆಂಗೆ ಬಂತು?"

ಇನ್ನೂ ಒಂದು ಕೈ ಇದೆ ಎಂಬುದು ಆಗ ಎಲ್ಲರಿಗೂ ಹೊಳೆಯಿತು. ರವಿಚಂದ್ರ ಅದೇ ಸಿಟ್ಟಿನಲ್ಲಿ ಕೋಡನ್ನು ಕೆಳಕ್ಕೆ ಎಳೆದ. ಪುಟದ ತಳದಲ್ಲಿ ಇನ್ನೊಂದು ಮುದ್ದೆ ಕೋಡು ಬಿದ್ದಿತ್ತು. ಅದನ್ನು ಓದುತ್ತ ಓದುತ್ತ ಅವನ ದುಃಖ ಇಳಿದು ಪಿತ್ತ ಏರಿತು.

"ಥೂ! ಯಾವೋನ್ಲಾ ಇವ್ನು? ನಮ್ಮೋರ ಕೈಯಲ್ಲ ಇದು. ಇಡೀ ಪುಟಕ್ಕೆ ಒಂದು ಹೆಸ್ರಿಟ್ಟಿಲ್ಲ, ಎ ಅಂತೆ, ಬಿ ಅಂತೆ, ಎರಡನೇ ಎ ಅಂತೆ. ಹತ್ತು ಚಕ್ರ ಎಣಿಸೋಕೆ ಹತ್ತು ಸಲ ಅದೇ ಸಾಲು ಬರ್ದವ್ನೆ. ಇಂಗೆ ಬರ್ಯೋದು ಬುಟ್ಟು ಜನ ಎಷ್ಟು ಕಾಲ ಆಯ್ತು! ಇಂಥೋನು ನನ್ನ ಹೆಸ್ರಲ್ಲಿ ಬರ್ದವ್ನಲ್ಲ, ನಾಳೆ ಯಾರಾದ್ರೂ ನೋಡಿದ್ರೆ ನನ್ನ ಮಾನ ಏನಾಗ್ಬೇಕು? ಕತ್ತೆ ಮೇಯ್ಸೋಕೆ ಲಾಯಕ್ಕು ಇವ್ನು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜಯಪ್ರಕಾಶರ ಕೈ ತಮ್ಮ ಕೊರಳಪಟ್ಟಿಯ ಕಡೆ ಹೋಯಿತು. ಕಣ್ಣು ಫ್ಯಾನಿನ ಮೇಲಿತ್ತು. ಕಿವಿ ಮಾತ್ರ ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು.

ಅದೇ ಹೊತ್ತಿಗೆ ಅವರ ಫೋನು ಹೊಡೆದುಕೊಂಡಿತು. ಮೈಸೂರಿನ ಲಾರಿ ಕಂಪನಿಯ ಮ್ಯಾನೇಜರು. ಕಮಿಟ್ ಆದ ಪುಟ ತಾನಾಗಿ ಅವರ ಕಂಪ್ಯೂಟರಿಗೂ ಹೋಗುವಂತೆ ಮಾಡಿದ್ದರಿಂದ ಟೈರಿನ ಪುಟ, ಹೆಸರು ಮತ್ತು ಗಂಟೆಯ ಸಮೇತ, ಅಲ್ಲಿಗೂ ತಲುಪಿತ್ತು. ಆತ ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಎಲ್ಲರಿಗೂ ಕೇಳುತ್ತಿತ್ತು.

"ಏನ್ರೀ ಇದು, ನಮ್ಮ ಲಾರಿಗಳಿಗೆಲ್ಲ ನಲವತ್ತು ಚಕ್ರ ಮಾಡಿಟ್ಟಿದೀರ! ಡ್ರೈವರ್‌ಗಳೆಲ್ಲ ಇಲ್ಲಿ ನಿಂತು ನಗ್ತಾವ್ರೆ. ಇದರ ಮೇಲೆ ರವಿಚಂದ್ರ ಅಂತ ಹೆಸರಿದೆ. ಮೂವತ್ತೊಂದು ಗಂಟೆ ಮಾಡಿದಾನಂತೆ ಮಹಾನುಭಾವ! ಇವನನ್ನೇ ತೆಗೀರಿ ಮೊದಲು!"

ಜಯಪ್ರಕಾಶ್ ಹೂಂ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಅವರ ಮಾನವೂ ಉಳಿಯುತ್ತಿತ್ತು. ಅವರು ಫ್ಯಾನಿನಿಂದ ಕಣ್ಣು ಕಿತ್ತು ರವಿಚಂದ್ರನನ್ನು ನೋಡಿದರು.

"ಅದನ್ನ ಬರ್ದಿದ್ದು ಅವನಲ್ಲ ಸಾರ್" ಅಂದರು. "ನಾನು. ಮಳವಳ್ಳಿ ಮನೇಲಿ ಆರು ಗಂಟೆ ಕೂತು ಬರೆದೆ. ನನ್ನ ಜೊತೆಗೆ ಇನ್ನೂ ಮೂವರು ಬರ್ದವ್ರೆ. ಅವನು ನಿನ್ನೆ ಗದ್ದೇಲಿ ಇದ್ದ. ಅವನೊಬ್ಬ ನಮ್ಮ ಪಕ್ಕ ಕೂತಿರ್ಲಿಲ್ಲ, ನಿಮ್ಮ ಲಾರಿಗೆ ನಲವತ್ತು ಚಕ್ರ ಬಂತು. ಈಗ ಹೇಳಿ, ಯಾರನ್ನ ತೆಗೀಲಿ?"

ಜಯಪ್ರಕಾಶ್ ಫೋನಿಗೆ ಕೈ ಅಡ್ಡ ಹಿಡಿದು ರವಿಚಂದ್ರನ ಕಡೆ ಬಗ್ಗಿದರು. "ಮುಯ್ಯಿ ತೀರಿಸಿದ್ರಿ ಅಂತೀಯಲ್ಲ ಕಣಯ್ಯ, ಎಲ್ಲಿ ತೀರ್ತು? ನಾಲ್ಕು ಜನ ಸೇರಿ ಕೆಡಿಸಿಟ್ಟಿದೀವಿ. ಇದನ್ನೂ ನೀನೇ ಸರಿ ಮಾಡ್ಬೇಕು. ಇದ್ದ ಬಾಕಿ ಎರಡರಷ್ಟಾಯ್ತು."

ಸ್ವಲ್ಪ ಹೊತ್ತಿನ ಮುಂಚೆ ತಾನು ಕತ್ತೆ ಮೇಯಿಸಲು ಯಾರನ್ನು ಕಳಿಸಿದೆ ಎಂಬುದು ರವಿಚಂದ್ರನ ತಲೆಗೆ ಆಗ ಹೋಯಿತು. "ಸಾ, ಕತ್ತೆ ಅಂದಿದ್ದು…" ಎಂದು ತಡವರಿಸಿದ.

"ಅದನ್ನ ಆಮೇಲೆ ನೋಡ್ಕೊಳ್ಳಣ" ಅಂದರು ಜಯಪ್ರಕಾಶ್.

ಫೋನಿನಿಂದ ಮ್ಯಾನೇಜರ ಧ್ವನಿ, ಈ ಸಲ ಸ್ವಲ್ಪ ಇಳಿದು, ಬಂತು. "ಆ ರವಿಚಂದ್ರನಿಗೇ ಕೊಡಿ ಫೋನು."

ರವಿಚಂದ್ರ ಎದ್ದು ನಿಂತು, ಕೈಯನ್ನು ಪ್ಯಾಂಟಿಗೆ ಒರೆಸಿ ಫೋನು ಹಿಡಿದ.

"ನೋಡಪ್ಪ, ನಂಗೆ ನಲವತ್ತು ಹತ್ತಾಗಬೇಕು, ಅಷ್ಟೆ. ಎಷ್ಟು ಹೊತ್ತು ಬೇಕು?"

ಜೀವಮಾನದಲ್ಲಿ ಮೊದಲ ಸಲ ರವಿಚಂದ್ರನಿಗೆ ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿತ್ತು. "ನಾನೊಬ್ನೇ ಕೂತ್ರೆ ಇವತ್ತು ಸಂಜೆಗೆ ಆಯ್ತದೆ ಸಾ. ಇವರೂ ಜೊತೇಲಿ ಕೂತ್ರೆ ನಾಳೆ ಸಂಜೆ ಆಯ್ತದೆ."

"ಹಾಗಾದ್ರೆ ಒಬ್ನೇ ಕೂತ್ಕೊಂಡು ಮುಗಿಸು, ಇವತ್ತೇ ಕೊಡು."

ರವಿಚಂದ್ರ ತಿರುಗಿ ನೋಡಿದ. ಯತೀಶ್ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ. ರಂಜಿತ ಉಗುರು ಬಾಯಿಗೆ ಇಟ್ಟುಕೊಂಡಿದ್ದಳು. ವೀಣ ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಜಯಪ್ರಕಾಶ್, ಪಾಪ, ತಾವು ಬರೆದ ಎ, ಬಿಗಳನ್ನು ಪರದೆಯ ಮೇಲೆ ಓದಿ ಎಲ್ಲಿ ತಪ್ಪಾಯಿತು ಎಂದು ಹುಡುಕುತ್ತಿದ್ದರು.

"ಆಗಾಕಿಲ್ಲ ಸಾ" ಅಂದ ರವಿಚಂದ್ರ. "ನಾಳೇನೇ ಕೊಡ್ತೀವಿ."